ಘಟ್ಟದ ಮೇಲೆ, ಘಟ್ಟದ ಕೆಳಗೆ: ಉತ್ತರ ಕನ್ನಡದಲ್ಲಿ ಅಗ್ಗದ ಹಳ್ಳಿ ಜಾಗ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ಬಿಟ್ಟು ಶಿರಸಿ ಹತ್ತಿರದ ಹಳ್ಳಿಗೆ ಬಂದು ನನಗೆ ಏಳು ವರ್ಷ ಆಯಿತು. ಲ್ಯಾಪ್‌ಟಾಪ್ ಮೇಲೆ ಕೆಲಸ, 1 ಎಕರೆ 6 ಗುಂಟೆ ಜಾಗ, ಹಂಚಿನ ಮನೆ, ಒಂದು ಬಾವಿ. ಇಷ್ಟಕ್ಕೇ ಜನ ನನ್ನನ್ನು ಜಾಗದ ವಿಷಯದಲ್ಲಿ ದೊಡ್ಡ ಪಂಡಿತ ಅಂದುಕೊಂಡಿದ್ದಾರೆ. ವಾರಕ್ಕೆ ಎರಡು ಫೋನು ಗ್ಯಾರಂಟಿ. ಎಲ್ಲರೂ ಕೇಳೋದು ಹೆಚ್ಚೂಕಡಿಮೆ ಒಂದೇ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ವಕೀಲನಲ್ಲ, ದಲ್ಲಾಳಿಯಂತೂ ಅಲ್ಲವೇ ಅಲ್ಲ. ಮುಂಗಡ ಕೊಡುವ ಮೊದಲು ಸ್ಥಳೀಯ ವಕೀಲರಿಗೆ ಒಮ್ಮೆ ಕಾಗದ ತೋರಿಸಿ.

ನಾವು ಕೃಷಿಕರಲ್ಲ. ಜಮೀನು ಕೊಳ್ಳಬಹುದಾ?

ಈಗ ಕೊಳ್ಳಬಹುದು. ಕರ್ನಾಟಕ ಭೂ ಸುಧಾರಣೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಗಿ 79ಎ, 79ಬಿ ಕಲಮುಗಳನ್ನು ತೆಗೆದರು. ಅದಕ್ಕೂ ಮೊದಲು ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು ಕೊಳ್ಳುವ ಹಾಗಿರಲಿಲ್ಲ, ಕೃಷಿಕರ ಕುಟುಂಬದವರೇ ಆಗಿರಬೇಕಿತ್ತು. ನಾನು ಕೊಂಡಿದ್ದು ಅದಕ್ಕಿಂತ ಮುಂಚೆ. ಕುಮಟಾ ಕಡೆ ಅಪ್ಪನ ಹೆಸರಿನಲ್ಲಿ ಎಂಟು ಗುಂಟೆ ಗದ್ದೆ ಇತ್ತು, ಅದೇ ನನ್ನನ್ನು ಉಳಿಸಿತು. ಎಂಟು ಗುಂಟೆಯಲ್ಲಿ ಒಂದು ವರ್ಷದ ಅಕ್ಕಿಯೂ ಆಗುತ್ತಿರಲಿಲ್ಲ, ಆದರೆ ಕಾಗದದ ಮೇಲೆ ನಾನು ರೈತ.

ಎನ್‌ಆರ್‌ಐಗಳು?

ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ, ಅದು ಕೇಂದ್ರದ ವಿದೇಶಿ ವಿನಿಮಯ ಕಾನೂನು. ಅಪ್ಪ-ಅಮ್ಮನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು.

ಎಕರೆಗೆ ರೇಟ್ ಎಷ್ಟು?

ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ನಾನು ಉತ್ತರ ಕೊಡದ ಪ್ರಶ್ನೆಯೂ ಇದೇ. ಒಂದೇ ಊರಿನಲ್ಲಿ, ಒಂದೇ ಬೇಲಿಯ ಆಚೆ ಈಚೆ ರೇಟು ಎರಡು ಪಟ್ಟು ಮೂರು ಪಟ್ಟು ವ್ಯತ್ಯಾಸ ಇರುತ್ತದೆ. ಆಚೆ ಕಡೆ ಅಡಿಕೆ ತೋಟ, ವರ್ಷವಿಡೀ ನೀರು, ಲಾರಿ ಬರುವ ದಾರಿ. ಈಚೆ ಕಡೆ ಬೇಣ, ಹುಲ್ಲು, ಮೇ ತಿಂಗಳಲ್ಲಿ ಒಣಗುವ ಬಾವಿ. ಎರಡಕ್ಕೂ ಎಕರೆ ಲೆಕ್ಕದಲ್ಲೇ ಮಾತಾಡುತ್ತಾರೆ.

ಒಂದು ಮಾತು ಹೇಳಬಹುದು. ಆನ್‌ಲೈನಿನಲ್ಲಿ ಫೋಟೋ ಹಾಕಿ, ‘ರಿವರ್ ಟಚ್’, ‘ಫಾಲ್ಸ್ ವ್ಯೂ’ ಅಂತ ಬರೆದ ಜಾಗ ಊರಿನ ರೇಟಿಗೆ ಸಿಗೋದಿಲ್ಲ. ಊರಿನ ರೇಟು ಗೊತ್ತಾಗಬೇಕು ಅಂದರೆ ಊರಿನಲ್ಲಿ ಕೂರಬೇಕು. ಸೊಸೈಟಿ ಕಟ್ಟೆ, ಚಹಾ ಅಂಗಡಿ, ಯಾರದೋ ಮನೆಯ ಜಗಲಿ. ಮೂರನೇ ಚಹಾಕ್ಕೆ ನಿಜವಾದ ರೇಟು ಹೊರಗೆ ಬರುತ್ತದೆ. ಸರ್ಕಾರದ ಮಾರ್ಗಸೂಚಿ ಬೆಲೆ ಬೇಕಾದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೋಡಬಹುದು. ಮಾರುವವರು ಹೇಳುವ ಬೆಲೆಗೂ ಅದಕ್ಕೂ ನೆಂಟಸ್ತಿಕೆ ಕಮ್ಮಿ.

ಲೆಕ್ಕ ಗೊತ್ತಿಲ್ಲದವರಿಗೆ: 40 ಗುಂಟೆಗೆ 1 ಎಕರೆ, 1 ಗುಂಟೆ ಅಂದರೆ 33 ಅಡಿ ಉದ್ದ 33 ಅಡಿ ಅಗಲ. ಒಂದು ಮನೆ, ಬಾವಿ, ಕೈತೋಟ, ನಾಲ್ಕು ತೆಂಗು, ಒಂದಿಷ್ಟು ಬಾಳೆಗೆ 20 ಗುಂಟೆ ಧಾರಾಳವಾಯಿತು. ಐದು ಎಕರೆ ಬೇಕು ಅಂತ ಹಟ ಹಿಡಿಯುವವರಿಗೆ ನಾನು ಕೇಳೋದು, ‘ಹುಲ್ಲು ಯಾರು ಸವರುತ್ತಾರೆ?’

ಯಾವ ತಾಲೂಕಿನಲ್ಲಿ ಅಗ್ಗ?

ಜಿಲ್ಲೆ ದೊಡ್ಡದು, ಸುಮಾರು 10 ಸಾವಿರ ಚದರ ಕಿಲೋಮೀಟರ್. ಅದರಲ್ಲಿ ಹೆಚ್ಚಿನ ಪಾಲು ಕಾಡು. ಮಾರಾಟಕ್ಕೆ ಬರುವ ಮಾಲ್ಕಿ (ಖಾಸಗಿ ಒಡೆತನದ) ಜಮೀನೇ ಕಮ್ಮಿ, ಅದನ್ನು ಮೊದಲು ತಲೆಗೆ ಹಾಕಿಕೊಳ್ಳಿ.

ಗೋಕರ್ಣದ ಸುತ್ತ, ಹೆದ್ದಾರಿ 66ರ ಪಕ್ಕ, ಕಾರವಾರ ಪೇಟೆಯ ಹತ್ತಿರ ಅಗ್ಗ ಅನ್ನುವ ಮಾತೇ ಇಲ್ಲ. ಶಿರಸಿ ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೂ ಹಾಗೆಯೇ. ಮುಂಡಗೋಡ, ಹಳಿಯಾಳ ಬಯಲುಸೀಮೆಯ ಅಂಚು. ಮಳೆ ಕಮ್ಮಿ, ನೆಲ ಸಮತಟ್ಟು, ಭತ್ತ, ಗೋವಿನಜೋಳ, ಕಬ್ಬಿನ ಹೊಲ. ಹುಬ್ಬಳ್ಳಿ ಹತ್ತಿರ. ನೋಡೋಕೆ ಫೋಟೋದ ಮಲೆನಾಡಿನ ಹಾಗಿಲ್ಲ ಅಂತ ಜನ ಆ ಕಡೆ ತಿರುಗೋದಿಲ್ಲ. ಬದುಕೋಕೆ ಅದು ಸಲೀಸಾದ ಜಾಗ ಅನ್ನೋದು ನನ್ನ ಅಭಿಪ್ರಾಯ. ಸಿದ್ದಾಪುರದ ಒಳಹಳ್ಳಿಗಳು, ಯಲ್ಲಾಪುರದ ಕೆಲವು ಕಡೆ, ಹೊನ್ನಾವರದಿಂದ ಗೇರುಸೊಪ್ಪೆ ಕಡೆಗೆ ಹೋಗುವ ದಾರಿಯ ಒಳಗಿನ ಊರುಗಳಲ್ಲಿ ಹುಡುಕಿದರೆ ಸಿಗುತ್ತದೆ.

ಜೋಯಿಡಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಂದ ಅಂದರೆ ಚಂದ. ಆದರೆ ತಾಲೂಕಿನ ಬಹುಪಾಲು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅಥವಾ ಅಂಚಿನಲ್ಲಿದೆ. ಮೊದಲು ದಾಂಡೇಲಿ-ಅಣಶಿ ಅಂತಿತ್ತು, 2015ರಲ್ಲಿ ಹೆಸರು ಬದಲಾಯಿತು. ಅಲ್ಲಿನ ಒಳ ಊರುಗಳಿಂದ ಪರಿಹಾರ ತೆಗೆದುಕೊಂಡು ಜನ ಹೊರಗೆ ಬರುತ್ತಿದ್ದಾರೆ. ಅವರು ಹೊರಗೆ ಬರುವ ದಾರಿಯಲ್ಲೇ ನೀವು ಒಳಗೆ ಹೋಗೋದಾ?

ಒಂದು ಜಾಗ ಕಂಡಾಬಟ್ಟೆ ಅಗ್ಗಕ್ಕೆ ಸಿಕ್ಕಿದೆ. ಬಿಟ್ಟರೆ ಹೋಗುತ್ತದೆ ಅನ್ನುತ್ತಿದ್ದಾರೆ.

ಹೋದರೆ ಹೋಗಲಿ. ಅಗ್ಗದ ಜಾಗ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನನ್ನದೂ ಅಗ್ಗದ ಜಾಗವೇ. ಆದರೆ ಯಾಕೆ ಅಗ್ಗ ಅನ್ನೋದು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ನಿಮಗೊಬ್ಬರಿಗೆ ಬಿಟ್ಟು. ಆ ಕಾರಣ ಗೊತ್ತಾಗಿ, ‘ಇದರ ಜತೆ ನಾನು ಬದುಕಬಲ್ಲೆ’ ಅನ್ನಿಸಿದರೆ ಕೊಳ್ಳಿ. ನನ್ನ ಜಾಗ ಅಗ್ಗಕ್ಕೆ ಸಿಕ್ಕಿದ್ದು ಯಾಕೆ ಅಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾರು ಮನೆಯವರೆಗೆ ಬರೋದಿಲ್ಲ. ಹಳ್ಳದ ಈಚೆ ನಿಲ್ಲಿಸಿ, ಕಾಲುಸಂಕ ದಾಟಿ, ಆರು ನಿಮಿಷ ನಡೆಯಬೇಕು. ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ. ನನಗೆ ಅದು ಒಪ್ಪಿಗೆಯಾಯಿತು. ಮೊಣಕಾಲು ನೋವಿರುವ ನಮ್ಮಮ್ಮನಿಗೆ ಆಗಲಿಲ್ಲ, ಅವರು ಮಳೆಗಾಲದಲ್ಲಿ ತಂಗಿಯ ಮನೆಯಲ್ಲಿರುತ್ತಾರೆ.

ಅಗ್ಗಕ್ಕೆ ಸಾಮಾನ್ಯವಾಗಿ ಇರುವ ಕಾರಣಗಳು ಇಷ್ಟೇ: ದಾರಿ ಇಲ್ಲ, ನೀರಿಲ್ಲ, ಕಾಗದ ಸರಿ ಇಲ್ಲ, ಅಣ್ಣತಮ್ಮಂದಿರ ತಕರಾರು, ಇಲ್ಲವೇ ಕಾಡುಪ್ರಾಣಿ ಕಾಟ. ಮೊದಲೆರಡಕ್ಕೆ ದುಡ್ಡು ಹಾಕಿ ಏನಾದರೂ ಮಾಡಬಹುದು. ಕಾಗದದ್ದಕ್ಕೆ ಆಗೋದಿಲ್ಲ.

‘ಅತಿಕ್ರಮಣ ಜಾಗ, ನಲವತ್ತು ವರ್ಷದಿಂದ ನಮ್ಮ ಕೈಯಲ್ಲೇ ಇದೆ’ ಅನ್ನುತ್ತಾರೆ. ಕೊಳ್ಳಬಹುದಾ?

ಬೇಡ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ಸಾವಿರಾರು ಬಡ ಕುಟುಂಬಗಳು ತಲೆಮಾರುಗಳಿಂದ ಅರಣ್ಯ ಭೂಮಿಯಲ್ಲಿ ಮನೆ ಕಟ್ಟಿಕೊಂಡು, ಸಾಗುವಳಿ ಮಾಡಿಕೊಂಡು ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕಾದಿದ್ದಾರೆ. ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ದಾಖಲೆ ತೋರಿಸಬೇಕು. ಅವರ ಹೋರಾಟ ನ್ಯಾಯವಾದದ್ದೇ. ಆದರೆ ಆ ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕರೂ ಅದು ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರುವ ಹಾಗಿಲ್ಲ. ಹಕ್ಕುಪತ್ರ ಸಿಗದಿದ್ದರಂತೂ ಅದು ಅರಣ್ಯ ಇಲಾಖೆಯ ಜಾಗವೇ. ನೂರು ರೂಪಾಯಿ ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿ ಕೊಟ್ಟರೆ ನಿಮ್ಮ ಕೈಗೆ ಬಂದದ್ದು ಬರೀ ಕಾಗದ.

ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನೂ ಹಾಗೆಯೇ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಆಗಿದ್ದರೆ ಮೂಲದವರಿಗೆ ಮರಳಿಸಬೇಕು. ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ, ಹಾಗಾಗಿ ‘ತುಂಬಾ ಹಳೇದು, ಕಾಲ ಮೀರಿದೆ’ ಅನ್ನುವ ವಾದವನ್ನು ನಂಬಿ ಕೂರಬೇಡಿ. ನಿಮಗೆ ಮಾರುವವರು ಬೇರೆಯೇ ಆಗಿರಬಹುದು. ಅವರಿಗೆ ಮಾರಿದವರು ಯಾರು, ಅದಕ್ಕೂ ಹಿಂದೆ ಯಾರು ಅಂತ ಹಿಂದಕ್ಕೆ ಹೋಗಿ ನೋಡಬೇಕು.

‘ತೋಟದ ಜತೆ ಆರು ಎಕರೆ ಬೆಟ್ಟ ಫ್ರೀ’ ಅಂದರೆ ಏನು?

ಫ್ರೀ ಅನ್ನೋದು ದಲ್ಲಾಳಿಯ ಮಾತು. ಬ್ರಿಟಿಷರ ಕಾಲದಿಂದ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ), ಮೇವು ತರೋದಕ್ಕೆ ಕಾಡಿನ ಒಂದು ಭಾಗವನ್ನು ತೋಟದವರಿಗೆ ಬಿಟ್ಟುಕೊಟ್ಟ ಪದ್ಧತಿ ಇದೆ. ಇದೇ ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೂ ಇದೆ. ಅದು ಸವಲತ್ತು, ಒಡೆತನ ಅಲ್ಲ. ಅಲ್ಲಿ ಕಾಟೇಜು ಕಟ್ಟುವ ಹಾಗಿಲ್ಲ, ಬೇಕಾಬಿಟ್ಟಿ ಮರ ಕಡಿಯುವ ಹಾಗಿಲ್ಲ. ಆದರೆ ಬೆಟ್ಟ ಚೆನ್ನಾಗಿದ್ದರೆ ಕೆಳಗಿನ ಬಾವಿಯಲ್ಲಿ ನೀರಿರುತ್ತದೆ. ಹಾಗಾಗಿ ಅದಕ್ಕೆ ಬೆಲೆ ಇಲ್ಲ ಅಂತಲ್ಲ. ಗುಂಟೆ ಲೆಕ್ಕಕ್ಕೆ ಸೇರಿಸಿ ದುಡ್ಡು ಕೊಡಬೇಡಿ, ಅಷ್ಟೇ.

ಪಹಣಿಯಲ್ಲಿ (ಆರ್‌ಟಿಸಿ, ಅಂದರೆ ಜಮೀನಿನ ದಾಖಲೆ) ಏನು ನೋಡಬೇಕು?

ಸರ್ವೆ ನಂಬರ್, ಹಿಸ್ಸೆ (ಅದರ ಉಪಸಂಖ್ಯೆ) ಗೊತ್ತಿದ್ದರೆ ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 9ನೇ ಕಾಲಮಿನಲ್ಲಿ ಸ್ವಾಧೀನದಾರರ ಹೆಸರು. ಅಲ್ಲಿ ನಾಲ್ಕು ಹೆಸರಿದ್ದು ನಿಮ್ಮ ಎದುರು ಒಬ್ಬರೇ ಕೂತಿದ್ದರೆ ಉಳಿದ ಮೂವರು ಎಲ್ಲಿ ಅಂತ ಕೇಳಿ. 10ರಲ್ಲಿ ಜಮೀನು ಹೇಗೆ ಬಂತು ಅಂತ ಇರುತ್ತದೆ: ಖರೀದಿಯೋ, ವಾರಸಾ ಹಕ್ಕೋ, ಮಂಜೂರಿಯೋ. 11ರಲ್ಲಿ ಸಾಲ, ತಕರಾರು, ತಡೆಯಾಜ್ಞೆ. ನಮ್ಮ ಕಡೆ ತೋಟ ಅಂದಮೇಲೆ ಸೊಸೈಟಿ ಸಾಲದ ಬೋಜಾ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಸಾಲ ತೀರಿಸಿ ಬೋಜಾ ತೆಗೆಸಿದ ಮೇಲೆಯೇ ನೋಂದಣಿ ಅಂತ ಕರಾರಿನಲ್ಲಿ ಬರೆಸಿ.

ಒಂದು ನಂಬರಿನ ತುಂಡನ್ನು ಕೊಳ್ಳುವುದಾದರೆ 11ಇ ನಕ್ಷೆ (ಆ ತುಂಡನ್ನು ಅಳೆದು ಮಾಡಿದ ಸರ್ವೆ ನಕ್ಷೆ) ಬೇಕು. ಸರ್ವೆಯವರು ಬಂದು ಅಳೆಯುವ ದಿನ ನೀವು ಅಲ್ಲೇ ಇರಿ. ಅಕ್ಕಪಕ್ಕದವರನ್ನೂ ಕರೆಯಿರಿ. ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಅಂತ ಫೋನಿನಲ್ಲೇ ಕಾಣುತ್ತದೆ. ಹತ್ತಿಪ್ಪತ್ತು ಅಡಿ ಆಚೀಚೆ ಆಗಬಹುದು, ಹದ್ದುಗಲ್ಲು ನಿಲ್ಲಿಸಲು ಅದನ್ನು ನಂಬಬೇಡಿ. ಆದರೆ ತೋರಿಸುತ್ತಿರುವುದು ಮಾಲ್ಕಿ ಜಾಗವೋ ಕಾಡೋ ಅನ್ನೋದಕ್ಕೆ ಸಾಕು. ನನಗೆ ಒಬ್ಬ ದಲ್ಲಾಳಿ ಅರ್ಧ ದಿನ ಸುತ್ತಿಸಿ, ಹಳ್ಳದ ಪಕ್ಕ ಒಂದು ಚಂದದ ದಿಬ್ಬ ತೋರಿಸಿದ್ದ. ಫೋನು ತೆಗೆದು ನೋಡಿದರೆ ನಾವು ನಿಂತಿದ್ದು ಪಹಣಿಯ ನಂಬರಿನಿಂದ ಎರಡು ನಂಬರ್ ಆಚೆ, ಅರಣ್ಯದಲ್ಲಿ. ‘ಹೌದಾ? ನಂಗೂ ಗೊತ್ತಿರ್ಲಿಲ್ಲ ನೋಡಿ’ ಅಂದ. ವಾಪಸ್ ಬರುವಾಗ ಅವನೇ ಚಹಾ ಕೊಡಿಸಿದ, ಪಾಪ.

ಸಹಿ ಯಾರ್ಯಾರದ್ದು ಬೇಕು?

ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳದ್ದೂ ಬೇಕು. ಮದುವೆಯಾಗಿ ಮುಂಬೈಗೆ ಹೋದವರದ್ದೂ ಬೇಕು. ‘ಅವಳಿಗೆ ಆಗಲೇ ಚಿನ್ನ ಕೊಟ್ಟಾಯ್ತು, ಅವಳದ್ದೇನೂ ತಕರಾರಿಲ್ಲ’ ಅನ್ನುವ ಮಾತು ಜಗಲಿಯಲ್ಲಿ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯೋದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಪಾಲು. ವಂಶವೃಕ್ಷ ತರಿಸಿ ಒಂದೊಂದೇ ಹೆಸರಿಗೆ ಬೆರಳಿಟ್ಟು ಕೇಳಿ.

ದಾರಿ ಇದೆ ಅಂತ ತೋರಿಸಿದರು. ಸಾಕಲ್ವಾ?

ಕಣ್ಣಿಗೆ ಕಾಣುವ ದಾರಿ ಬೇರೆ, ಕಾಗದದಲ್ಲಿರುವ ದಾರಿ ಬೇರೆ. ಎಷ್ಟೋ ಕಡೆ ಜನ ತಲೆಮಾರುಗಳಿಂದ ಇನ್ನೊಬ್ಬರ ಗದ್ದೆಯ ಹಾಳಿ (ಬದು) ಮೇಲೆ ನಡೆದಿರುತ್ತಾರೆ. ಊರವರು ನಡೆದರೆ ಯಾರೂ ಏನೂ ಅನ್ನೋದಿಲ್ಲ. ನೀವು ಕಲ್ಲು ತುಂಬಿದ ಲಾರಿ ತಂದ ದಿನ ಗದ್ದೆಯವರು ಅಡ್ಡ ನಿಲ್ಲುತ್ತಾರೆ, ನಿಲ್ಲಲೇಬೇಕು. ನಕ್ಷೆಯಲ್ಲಿ ದಾರಿ ಇದೆಯಾ ನೋಡಿ. ಇಲ್ಲದಿದ್ದರೆ ದಾರಿ ಬಿಡುವವರಿಂದ ನೋಂದಾಯಿತ ಕಾಗದ ಮಾಡಿಸಿ, ಅದಕ್ಕೆ ದುಡ್ಡು ಕೊಡಬೇಕಾದರೂ ಕೊಡಿ. ಅರಣ್ಯದ ಮೂಲಕ ದಾರಿ ಅಂದರೆ ಅಲ್ಲಿಗೇ ಬಿಡಿ.

ನೀರು ಹೇಗೆ ನೋಡೋದು?

ಮೇ ತಿಂಗಳ ಮೂರನೇ ವಾರ ಬನ್ನಿ. ಬಾವಿ ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಸಿ. ಹಗ್ಗ ಎಷ್ಟು ಉದ್ದ ನೆನೆಯಿತೋ ಅಷ್ಟು ನೀರು. ನನ್ನ ಬಾವಿಯಲ್ಲಿ ಆವತ್ತು ನೆನೆದದ್ದು ಎರಡೂವರೆ ಮೊಳ. ಪಂಪು ಹಚ್ಚಿ ಪೂರ್ತಿ ಬಸಿದು, ಮರುದಿನ ಬೆಳಿಗ್ಗೆ ಮತ್ತೆ ಹಗ್ಗ ಇಳಿಸಿದೆ. ಎರಡು ಮೊಳ. ಅಂದರೆ ಒರತೆ ಇದೆ. ಅದನ್ನು ನೋಡಿಯೇ ನಾನು ಹೂಂ ಅಂದಿದ್ದು.

ಕೆಲವು ಊರುಗಳಲ್ಲಿ ಅಬ್ಬಿ ನೀರು ಇದೆ. ಗುಡ್ಡದ ಮೇಲಿನ ಒರತೆಯಿಂದ ಪೈಪು ಹಾಕಿದರೆ ಕರೆಂಟೂ ಬೇಡ, ಪಂಪೂ ಬೇಡ, ಬಚ್ಚಲಿಗೆ ತಾನಾಗಿ ಬಂದು ಬೀಳುತ್ತದೆ. ಅದರಂಥ ಸುಖ ಇನ್ನೊಂದಿಲ್ಲ. ಆದರೆ ಆ ಒರತೆ ಯಾರ ಜಾಗದಲ್ಲಿದೆ, ಎಷ್ಟು ಮನೆಗೆ ಹಂಚಿಕೆ, ನಿಮ್ಮ ಪಾಲೆಷ್ಟು ಅಂತ ಕೇಳಿಕೊಳ್ಳಿ. ಕರಾವಳಿಯಲ್ಲಿ ಹೊಳೆ ಹತ್ತಿರದ ಬಾವಿಯಾದರೆ ಏಪ್ರಿಲ್‌ನಲ್ಲಿ ನೀರು ಬಾಯಿಗೆ ಹಾಕಿ ನೋಡಿ. ಜನವರಿಯಲ್ಲಿ ಸಿಹಿ ಇದ್ದದ್ದು ಆಗ ಸವಳಾಗಿರುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ನೋಡಿದರೆ ಸಾಕಾ?

ಸಾಲದು. ನೀರಿಗೆ ಬೇಸಿಗೆ, ಉಳಿದದ್ದಕ್ಕೆಲ್ಲ ಮಳೆಗಾಲ. ನಾನು ಜಾಗ ಹುಡುಕುತ್ತಿದ್ದಾಗ ಒಬ್ಬ ಅಜ್ಜ ಕವಳ ಹಾಕುತ್ತಾ ಹೇಳಿದ್ದರು, ‘ತಮಾ, ಮಳೆಗಾಲದಲ್ಲಿ ಬಾ. ಆಗ ಗೊತ್ತಾಗ್ತು.’ ಜುಲೈನಲ್ಲಿ ಹೋದೆ. ಫೆಬ್ರವರಿಯಲ್ಲಿ ನಾನು ಮೆಚ್ಚಿ ಫೋಟೋ ತೆಗೆದಿದ್ದ ಸಪಾಟು ಜಾಗದ ನಡುವೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಮನೆ ಕಟ್ಟಬೇಕು ಅಂದುಕೊಂಡಿದ್ದು ಸರಿಯಾಗಿ ಅಲ್ಲೇ.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ. ಘಟ್ಟದ ಅಂಚಿನಲ್ಲಿ ಇನ್ನೂ ಜಾಸ್ತಿ. ಗುಡ್ಡ ಕಡಿದು ಮಾಡಿದ ಸೈಟು, ಕಡಿದ ಮಣ್ಣು ತುಂಬಿ ಮಾಡಿದ ಅಂಗಳ, ಇವೆರಡರಿಂದ ದೂರ ಇರಿ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ, ರಸ್ತೆಗಳೇ ಜಾರಿ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು, ಜನ ಸತ್ತರು. ನೀವು ನೋಡುವ ಜಾಗದ ಮೇಲ್ಗಡೆ ಗುಡ್ಡದಲ್ಲಿ ಬಿರುಕು, ಓರೆಯಾಗಿ ನಿಂತ ಮರಗಳು, ಹೊಸದಾಗಿ ಹುಟ್ಟಿದ ಒರತೆ ಕಂಡರೆ ದುಡ್ಡಿನ ಮಾತು ಎತ್ತಬೇಡಿ. ಹೊಳೆ ದಂಡೆಯಾದರೆ 2019ರ ನೆರೆ ಎಲ್ಲಿಯವರೆಗೆ ಬಂದಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ. ಎಷ್ಟೋ ಮನೆಗಳ ಗೋಡೆ ಮೇಲೆ ಗೆರೆ ಇನ್ನೂ ಇದೆ.

ಸಮುದ್ರ ಕಾಣುವ ಹಾಗೆ ಸಣ್ಣ ಮನೆ ಬೇಕು.

ಎಲ್ಲರಿಗೂ ಬೇಕು. ಭರತ ರೇಖೆಯಿಂದ (ಉಬ್ಬರದ ನೀರು ಬರುವ ಗೆರೆಯಿಂದ) 500 ಮೀಟರ್‌ವರೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ, ಜನ ದಟ್ಟವಾಗಿಲ್ಲದ ಹಳ್ಳಿ ಕಡೆ ಅದರಲ್ಲೂ ಮೊದಲ 200 ಮೀಟರ್ ತುಂಬಾ ಬಿಗಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳಲ್ಲಿ ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗೆ ದಂಡೆಗೂ ಸಿಆರ್‌ಝಡ್ ಅನ್ವಯ, ಆದರೆ ಅಲ್ಲಿ ಮೀಟರ್ ಲೆಕ್ಕ ಬೇರೆ. ಮೊದಲಿಂದ ಇರುವ ಮೀನುಗಾರರ, ಊರವರ ಮನೆ ನೋಡಿ ‘ಅವರು ಕಟ್ಟಿದ್ದಾರಲ್ಲ’ ಅನ್ನಬೇಡಿ.

ಅಘನಾಶಿನಿ ಕಡೆ ಗಜನಿ ಭೂಮಿ ಅಗ್ಗಕ್ಕೆ ಬರುತ್ತದೆ. ಉಪ್ಪುನೀರು ನುಗ್ಗುವ ಗದ್ದೆ ಅದು. ಕಗ್ಗ ಭತ್ತ ಬೆಳೆಯುತ್ತಿದ್ದರು, ಈಗ ಹೆಚ್ಚಿನ ಕಡೆ ಸಿಗಡಿ. ಕಗ್ಗ ಬೆಳೆಯುವ ಆಸೆ ಇದ್ದರೆ ಕೊಳ್ಳಿ, ನಾನೇ ಬಂದು ಊಟ ಮಾಡುತ್ತೇನೆ. ಮನೆಗೆ ಮಾತ್ರ ಅಲ್ಲ.

ಇನ್ನೊಂದು. ಕಾರವಾರ, ಅಂಕೋಲಾ ಕಡೆ ನೌಕಾನೆಲೆಗೆ ಊರೂರೇ ಎದ್ದು ಹೋಗಿವೆ. ಬಂದರು, ವಿಮಾನ ನಿಲ್ದಾಣ, ರೈಲು ಮಾರ್ಗ ಅಂತ ಯೋಜನೆಗಳ ಮಾತು ನಡೆದೇ ಇದೆ. ನಿಮ್ಮ ಸರ್ವೆ ನಂಬರು ಯಾವುದಾದರೂ ಸ್ವಾಧೀನದ ಪಟ್ಟಿಯಲ್ಲಿದೆಯಾ ಅಂತ ಕೇಳಿ ನೋಡಿ.

ಕಸ್ತೂರಿರಂಗನ್ ವರದಿ ಬಂದರೆ ಜಾಗ ಹೋಗುತ್ತದಾ?

ಇಲ್ಲ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಆರನೇ ಕರಡು 2024ರ ಜುಲೈ 31ಕ್ಕೆ ಬಂತು. ನಮ್ಮ ರಾಜ್ಯ ಸರ್ಕಾರ ಒಪ್ಪಿಲ್ಲ. ಅದರಲ್ಲಿ ತಡೆ ಇರೋದು ಗಣಿ, ಕ್ವಾರಿ, ಮಾಲಿನ್ಯದ ಕಾರ್ಖಾನೆ, ಭಾರೀ ಕಟ್ಟಡಗಳಿಗೆ. ಸಣ್ಣ ಮನೆ ಕಟ್ಟಿ ಬದನೆ ಬೆಳೆಯುವವರಿಗಲ್ಲ.

ಕೃಷಿ ಜಮೀನಿನಲ್ಲಿ ಮನೆ ಕಟ್ಟಬಹುದಾ, ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಲೇಬೇಕಾ?

ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಸಾಗುವಳಿ ಮಾಡುವವರು ಸ್ವಂತ ವಾಸಕ್ಕೆ ಜಮೀನಿನ ನೂರಕ್ಕೆ ಹತ್ತರಷ್ಟು ಜಾಗ ಮೀರದ ಹಾಗೆ ತೋಟದ ಮನೆ ಕಟ್ಟಿಕೊಳ್ಳಬಹುದು. ಹೋಮ್‌ಸ್ಟೇ ಮಾಡುತ್ತೇನೆ, ಬಾಡಿಗೆಗೆ ಕೊಡುತ್ತೇನೆ ಅಂದರೆ ಬೇರೆ ಅನುಮತಿ ಬೇಕು. ಬ್ಯಾಂಕಿನ ಗೃಹಸಾಲ ಬೇಕಿದ್ದರೆ ಬಿನ್‌ಶೇತ್ಕಿ (ಎನ್‌ಎಗೆ ನಮ್ಮ ಕಡೆ ಹೆಸರು) ಮಾಡಿಸಿ, ಪಂಚಾಯ್ತಿಯಲ್ಲಿ ಇ-ಸ್ವತ್ತು (ಆನ್‌ಲೈನ್ ಆಸ್ತಿ ದಾಖಲೆ) ಮಾಡಿಸಿಕೊಳ್ಳೋದು ಸಲೀಸು. ಈಗಾಗಲೇ ಇ-ಸ್ವತ್ತು ಇರುವ ಹಳೇ ಮನೆ ಸಿಕ್ಕರೆ ಅರ್ಧ ತಲೆನೋವು ಕಮ್ಮಿ.

ಹಳೇ ಮನೆ ಕೊಳ್ಳೋದು ಒಳ್ಳೇದಾ, ಹೊಸದು ಕಟ್ಟೋದಾ?

ನನ್ನ ಮತ ಹಳೇ ಮನೆಗೆ. ಶಿರಸಿ, ಸಿದ್ದಾಪುರದ ಕಡೆ ಬೀಗ ಹಾಕಿದ ಮನೆಗಳು ಬೇಕಾದಷ್ಟಿವೆ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತೀರಿಕೊಂಡಿದ್ದಾರೆ. ಮನೆ ಇದೆ ಅಂದರೆ ಬಾವಿ ಇದೆ, ದಾರಿ ಇದೆ, ಕರೆಂಟ್ ಇದೆ, ನೂರು ಮಳೆಗಾಲ ಕಂಡ ಜಾಗ ಅಂತ ಅರ್ಥ. ಹಿಂದಿನವರು ಮನೆ ಕಟ್ಟುವಾಗ ನೀರು ಹರಿಯುವ ದಿಕ್ಕು ನೋಡಿಯೇ ಕಟ್ಟಿದ್ದಾರೆ.

ನೋಡಬೇಕಾದ್ದು ಮನೆಯ ಮಾಡು (ಚಾವಣಿ). ಪಕಾಸಿ, ತೊಲೆಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಒಳಗೆ ಹೋದರೆ ಗೆದ್ದಲು. ಗೋಡೆ ಮಣ್ಣಿನದಾದರೆ ಬುಡದಲ್ಲಿ ತೇವ ಎಷ್ಟು ಎತ್ತರಕ್ಕೆ ಏರಿದೆ ನೋಡಿ. ಹಂಚು ಒಡೆದಿದ್ದರೆ ಬೇಜಾರಿಲ್ಲ, ಪ್ರತಿ ಮೇ ತಿಂಗಳಲ್ಲಿ ಹೇಗೂ ಹಂಚು ಕೈಯಾಡಿಸಬೇಕು, ಮಂಗಗಳು ಆ ಕೆಲಸ ತಪ್ಪಿಸೋದಿಲ್ಲ. ನನ್ನ ಮನೆಯಲ್ಲಿ ಮೊದಲ ಮಳೆಗೆ ಏಳು ಕಡೆ ಸೋರಿತು. ಪಾತ್ರೆ ಸಾಲದೆ ಕೊನೆಗೆ ಹೆಲ್ಮೆಟ್ ಇಟ್ಟೆ. ಮರುವರ್ಷ ಎರಡೇ ಕಡೆ.

ಇಂಟರ್ನೆಟ್, ಕರೆಂಟ್? ಮನೆಯಿಂದಲೇ ಆಫೀಸ್ ಕೆಲಸ ನಡೆಯುತ್ತದಾ?

ಫೈಬರ್ ಬಂದ ಊರಿನಲ್ಲಿ ನಡೆಯುತ್ತದೆ. ‘ಊರಿಗೆ ಬಂದಿದೆ’ ಅನ್ನೋದು ಬೇರೆ, ‘ನಿಮ್ಮ ಮನೆಗೆ ಬರುತ್ತದೆ’ ಅನ್ನೋದು ಬೇರೆ. ಮುಖ್ಯ ರಸ್ತೆಯ ಕಂಬದಿಂದ ನಿಮ್ಮ ಮನೆಗೆ ಎಷ್ಟು ದೂರ, ಕೇಬಲ್ ಎಳೆಯುವ ಖರ್ಚು ಯಾರದ್ದು ಅಂತ ಲೈನ್ ಹಾಕುವ ಹುಡುಗನನ್ನೇ ಕೇಳಿ. ನನ್ನ ಕೇಬಲ್ ಮರದಿಂದ ಮರಕ್ಕೆ ಬಂದಿದೆ. ಕೊಂಬೆ ಬಿದ್ದರೆ ನನ್ನ ಮೀಟಿಂಗೂ ಬಿತ್ತು.

ಮಳೆಗಾಲದಲ್ಲಿ ಕರೆಂಟ್ ಒಂದು ದಿನ, ಎರಡು ದಿನ ಹೋಗೋದು ಮಾಮೂಲು. ನಾಲ್ಕು ದಿನ ಹೋದದ್ದೂ ಇದೆ. ಕರೆಂಟ್ ಹೋಗಿ ಕೆಲವು ಗಂಟೆ ಆದಮೇಲೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ದೊಡ್ಡ ಇನ್ವರ್ಟರ್ ಬೇಕು, ಬೇಸಿಗೆಗೆ ಸೋಲಾರ್ ಆಗುತ್ತದೆ, ಜುಲೈನಲ್ಲಿ ಸೋಲಾರ್ ಸುಮ್ನೆ ಅಲಂಕಾರ. ಎರಡು ಕಂಪನಿಯ ಸಿಮ್ ಇಟ್ಟುಕೊಳ್ಳಿ. ಪೇಟೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕೂರಲು ಒಬ್ಬ ಸ್ನೇಹಿತರ ಮನೆ ಇರಲಿ. ಮೊದಲ ವರ್ಷ ನಾನು ಗುಡ್ಡದ ಮೇಲಿನ ಒಂದು ಬಂಡೆ ಹತ್ತಿ, ಕೊಡೆ ಹಿಡಿದು, ಮ್ಯಾನೇಜರಿಗೆ ವರದಿ ಒಪ್ಪಿಸಿದ್ದೇನೆ. ಹಿನ್ನೆಲೆಯಲ್ಲಿ ಏನದು ಸದ್ದು ಅಂತ ಕೇಳಿದರು. ಜೀರುಂಡೆ ಅಂದೆ.

ಆಸ್ಪತ್ರೆ?

ಇದು ಜಿಲ್ಲೆಯ ನಿಜವಾದ ಕೊರತೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಪೇಟೆಗಳಲ್ಲಿ ಒಳ್ಳೆಯ ವೈದ್ಯರಿದ್ದಾರೆ. ಆದರೆ ಹೃದಯ, ತಲೆಗೆ ಪೆಟ್ಟು ಅಂದರೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ದಕ್ಷಿಣದ ಕರಾವಳಿಯವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಮನೆಯಲ್ಲಿ ಹೃದ್ರೋಗಿಗಳಿದ್ದರೆ ಒಳಹಳ್ಳಿ ಬೇಡ, ಹೆದ್ದಾರಿ ಹತ್ತಿರದ ಊರು ನೋಡಿ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯೂ ಸಿದ್ದಾಪುರದ ಕಡೆ ಇದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗಿ ಬಂದರೆ ಮೈಮೇಲೆ ಉಣ್ಣಿ ಇದೆಯಾ ನೋಡಿಕೊಳ್ಳಿ. ಮಂಗ ಸತ್ತಿದ್ದು ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ.

ತೋಟದ ಆದಾಯದಲ್ಲೇ ಬದುಕಬಹುದಾ?

ಹೊಸಬರಿಗೆ ಕಷ್ಟ. ಅಡಿಕೆ ಬೆಲೆ ಕೇಳಿ ಬಾಯಿ ಬಿಡುತ್ತಾರೆ, ಆದರೆ ಕೊಳೆರೋಗ, ಎಲೆಚುಕ್ಕಿ ರೋಗ ಎರಡೂ ಸೇರಿ ಈಚೆಗೆ ಹಳಬರೇ ಕಂಗಾಲಾಗಿದ್ದಾರೆ. ಮರ ಹತ್ತಿ ಔಷಧಿ ಹೊಡೆಯುವ, ಅಡಿಕೆ ಕೊನೆ (ಗೊನೆ) ಇಳಿಸುವ ಕೊನೆಗೌಡರು ಸಿಗೋದು ಅಪರೂಪ. ಸಿಕ್ಕರೆ ಅವರು ಹೇಳಿದ ದಿನವೇ ಮುಹೂರ್ತ. ತೆಂಗಿನಕಾಯಿ, ಬಾಳೆ, ಹಲಸು ಮಂಗಗಳಿಗೆ, ಗೆಡ್ಡೆ ಕಾಡುಹಂದಿಗೆ, ಗದ್ದೆ ಕಾಡುಕೋಣಕ್ಕೆ. ಉಳಿದದ್ದು ನಿಮಗೆ. ನಮ್ಮ ಮನೆಯಲ್ಲಿ ಉಳಿದದ್ದು ಅರಿಶಿನ, ಶುಂಠಿ, ಕಾಳುಮೆಣಸು, ಬಸಳೆ. ಸಂಬಳ ಅಥವಾ ಉಳಿತಾಯದ ಬಡ್ಡಿ ಇಟ್ಟುಕೊಂಡೇ ಬನ್ನಿ.

ನೋಂದಣಿಗೆ ಎಷ್ಟು ಖರ್ಚು?

ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಎಲ್ಲಾ ಸೇರಿ ಏಳೂವರೆ ಮೇಲೆ ಹೋಗುತ್ತದೆ. ದಲ್ಲಾಳಿ, ವಕೀಲರು, ಅಳತೆ ಖರ್ಚು ಬೇರೆ. ನೋಂದಣಿ ಮುಗಿಯಿತು ಅಂತ ಸಿಹಿ ಹಂಚಿ ಕೂರಬೇಡಿ, ಮುಟೇಶನ್ (ಹಕ್ಕು ಬದಲಾವಣೆ) ಆಗಿ ಪಹಣಿಯಲ್ಲಿ ನಿಮ್ಮ ಹೆಸರು ಬರಬೇಕು.

ಕೊಳ್ಳದೆ ಬಾಡಿಗೆಗೆ ಇರಬಹುದಾ?

ಇರಬಹುದು ಅಲ್ಲ, ಇರಲೇಬೇಕು. ಬೀಗ ಹಾಕಿದ ಮನೆಯ ಮಾಲೀಕರಿಗೆ ಯಾರಾದರೂ ದೀಪ ಹಚ್ಚಿ, ಕಸ ಗುಡಿಸಿಕೊಂಡು ಇದ್ದರೆ ಅದೇ ಉಪಕಾರ, ಬಾಡಿಗೆ ಹೆಚ್ಚಿರೋದಿಲ್ಲ. ಮೇ ತಿಂಗಳಲ್ಲಿ ಬಂದು ಮುಂದಿನ ಮೇವರೆಗೆ ಇರಿ. ಬಟ್ಟೆ ಎಂಟು ದಿನ ಒಣಗದೆ ಬಚ್ಚಲ ಒಲೆಯ ಮೇಲೆ ನೇತುಹಾಕಿ ಹೊಗೆ ವಾಸನೆ ಹೊಡೆಯೋದು, ಚಪ್ಪಲಿಗೆ, ಪುಸ್ತಕಕ್ಕೆ, ಕ್ಯಾಮೆರಾ ಲೆನ್ಸಿಗೆ ಬೂಸು ಹಿಡಿಯೋದು, ಸಂಜೆ ಏಳಕ್ಕೇ ಊರು ಮಲಗೋದು, ಇದೆಲ್ಲ ನಿಮಗೆ ಹಿಡಿಸುತ್ತದಾ ಅಂತ ಗೊತ್ತಾಗುತ್ತದೆ. ನನ್ನ ಜತೆ ಬಂದ ಒಬ್ಬ ಗೆಳೆಯ ಆಗಸ್ಟ್ 10ಕ್ಕೆ ವಾಪಸ್ ಹೋದ. ಅವನಿಗೆ ನಷ್ಟ ಆದದ್ದು ಮೂರು ತಿಂಗಳ ಬಾಡಿಗೆ ಮಾತ್ರ.

ಊರಿನವರು ಸೇರಿಸಿಕೊಳ್ಳುತ್ತಾರಾ?

ಬೇಲಿ ಹಾಕಿ, ಗೇಟಿಗೆ ಬೀಗ ಜಡಿದು, ನಾಯಿ ಬಿಟ್ಟು ಕೂತರೆ ಇಲ್ಲ. ಮದುವೆ, ತಿಥಿ, ದೇವಸ್ಥಾನದ ಊಟ ಅಂತ ಕರೆದಾಗ ಹೋಗಿ. ಬಡಿಸೋಕೆ ನಿಲ್ಲಿ. ಯಕ್ಷಗಾನಕ್ಕೆ ಚಂದಾ ಕೊಡಿ, ಆಟ ಮುಗಿಯುವವರೆಗೆ ಕೂತರೆ ಇನ್ನೂ ಒಳ್ಳೇದು. ಕಾರವಾರದ ಕಡೆ ನಾಲ್ಕು ಮಾತು ಕೊಂಕಣಿ, ಹಳಿಯಾಳದ ಕಡೆ ಸ್ವಲ್ಪ ಮರಾಠಿ ಬಂದರೆ ಕೆಲಸಗಳು ಬೇಗ ಆಗುತ್ತವೆ. ಹಾವು ಮನೆಯೊಳಗೆ ಬಂದ ರಾತ್ರಿ ನೀವು ಫೋನ್ ಮಾಡೋದು ಬೆಂಗಳೂರಿನ ಸ್ನೇಹಿತರಿಗಲ್ಲ, ಪಕ್ಕದ ಮನೆಯ ನಾಯ್ಕರಿಗೆ.

ಜಾಗ ನೋಡೋಕೆ ಬರುವಾಗ ಏನು ತರಬೇಕು?

ಉದ್ದದ ಹಗ್ಗ. ಕೊಡೆ. ಎರಡು ಸಿಮ್ ಇರುವ ಫೋನು, ಅದರಲ್ಲಿ ದಿಶಾಂಕ್. ಪಹಣಿಯ ಪ್ರತಿ. ಉಂಬಳಕ್ಕೆ (ಜಿಗಣೆ) ಒಂದು ಪೊಟ್ಟಣ ಉಪ್ಪು. ಹೋಗುವ ಮನೆಯಲ್ಲಿ ಹಿರಿಯರಿದ್ದರೆ ಒಂದು ಕಟ್ಟು ವೀಳ್ಯದೆಲೆ. ಗಿಡ ಸವರಲು ಕತ್ತಿ ತರಬೇಡಿ, ಅದು ಯಾರ ಮನೆಯಲ್ಲಾದರೂ ಸಿಗುತ್ತದೆ. ಕೇಳಿ ಇಸಕೊಂಡರೆ ಅವರೂ ಜತೆಗೆ ಬರುತ್ತಾರೆ, ಹದ್ದುಗಲ್ಲು ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ.